ಹುಣಸೆಮರದಜ್ಜಿಯ ಲೆಕ್ಕ

ನಮ್ಮ ಕ್ಲಾಸಿನಲ್ಲಿ 32 ಜನ ಇದ್ದೆವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹುಟ್ಟಿದ್ದು ಜೂನ್ 1ನೇ ತಾರೀಕು. ನಾನೂ ಅಷ್ಟೇ. ಶಾಲೆಗೆ ಸೇರಿಸೋಕೆ ಬಂದ ಅಪ್ಪಂದಿರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ, ಮೇಷ್ಟ್ರಿಗೆ ರಿಜಿಸ್ಟರ್ ಖಾಲಿ ಬಿಡೋ ಹಾಗಿರಲಿಲ್ಲ. ಹುಡುಗನ ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತಾ ಅಂತ ನೋಡುತ್ತಿದ್ದರು, ಮುಟ್ಟಿದರೆ ಐದಾರು ವರ್ಷ ಹಿಂದಕ್ಕೆ ಎಣಿಸಿ ಒಂದು ಜೂನ್ 1 ಬರೆದುಬಿಡುತ್ತಿದ್ದರು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಶಿರಾ ಕಡೆಯ ನಮ್ಮೂರಿನ ತನಕ ಅದು ನಡೆದುಕೊಂಡೇ ಬಂತು ಅಂತ ಕಾಣುತ್ತೆ, ಅಷ್ಟು ನಿಧಾನ.

ನಿಜವಾದ ರಿಜಿಸ್ಟರ್ ಊರಾಚೆ ಹುಣಸೆಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿತ್ತು.

ಹುಣಸೆಮರದಜ್ಜಿ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಅದಕ್ಕೂ ಒಂದು ಹೆಸರಿತ್ತು, ಆದರೆ ನನಗೆ ಅದು ಗೊತ್ತಾಗಿದ್ದು ಅಜ್ಜಿ ಹೋದ ಮೇಲೆ, ಫ್ಲೆಕ್ಸ್ ಮೇಲೆ ಓದಿ. (ನಮ್ಮ ಕಡೆ ಅಜ್ಜಿಯನ್ನು ‘ಬಂದರು, ಹೋದರು’ ಅನ್ನಲ್ಲ, ‘ಬಂತು, ಹೋಯಿತು’ ಅಂತೀವಿ. ಸ್ವಂತ ಅಜ್ಜಿಗೂ ಹಾಗೇನೇ. ಇಲ್ಲೂ ಹಾಗೇ ಬರೀತೀನಿ. ಬೇರೆ ಥರ ಬರೆದರೆ ಅದು ಇನ್ಯಾರೋ ಅನಿಸುತ್ತೆ.) ಊರಿನ ಸೂಲಗಿತ್ತಿ. ನಮ್ಮೂರಲ್ಲಿ, ಅಕ್ಕಪಕ್ಕದ ನಾಲ್ಕೈದು ಹಳ್ಳಿಗಳಲ್ಲಿ, ಈಗ ಮೂವತ್ತೈದು ದಾಟಿದ ಬಹುತೇಕ ಎಲ್ಲರೂ ಮೊದಲು ಬಿದ್ದಿದ್ದು ಅಜ್ಜಿಯ ಕೈಗೆ. ಯಾವಾಗ ಬಿದ್ದರು ಅನ್ನೋದು ಅದಕ್ಕೆ ನೆನಪಿರುತ್ತಿತ್ತು. ತಾರೀಕಲ್ಲ. ಬೆಳೆ, ಮಳೆ, ಹುಣ್ಣಿಮೆ ಅಮಾವಾಸ್ಯೆ, ಯಾರ ಮನೆ ಎತ್ತು ಸತ್ತ ವಾರ, ಯಾವ ಜಾತ್ರೆಯ ಹಿಂದಿನ ದಿನ, ಹೀಗೆ.

ಕಾಲೇಜಿನಲ್ಲಿದ್ದಾಗ ಒಂದು ಸಲ ಹೋಗಿ ಕೇಳಿದೆ. ನಾನು ಹುಟ್ಟಿದ್ದು ಯಾವಾಗ ಅಜ್ಜಿ?

“ನೀನಾ? ಕಡ್ಲೆಕಾಯಿ ಕಿತ್ತು ಕಣದಾಗೆ ಹಾಕಿದ್ರು. ನಿಮ್ಮಪ್ಪ ಕಣ ಕಾಯಾಕೆ ಹೋಗಿದ್ದ. ದೀಪಾವಳಿ ಅಮಾಸೆ ಆಗಿ ಮೂರ್ನೇ ರಾತ್ರಿ, ಕೋಳಿ ಕೂಗಾಕೆ ಮುಂಚೆ. ಕಾಲು ಮುಂದಾಗಿ ಬಂದೆ. ನಿಮ್ಮವ್ವನ್ನ ಹೈರಾಣು ಮಾಡಿದೆ.”

ಆಮೇಲೆ ಆ ವರ್ಷದ ಪಂಚಾಂಗ ಹುಡುಕಿ ನೋಡಿದೆ, ನವೆಂಬರ್ ಶುರುವಿಗೆ ಬರುತ್ತೆ. ಸರ್ಕಾರಿ ಕೆಲಸದಲ್ಲಿದ್ದಿದ್ದರೆ ಮೇಷ್ಟ್ರ ಜೂನ್ 1ರಿಂದ ಐದು ತಿಂಗಳ ಸಂಬಳಕ್ಕೆ ಕತ್ತರಿ ಬೀಳುತ್ತಿತ್ತು. ನಾನೊಬ್ಬನೇ ಏನಲ್ಲ. ಜಾತಕ ಬರೆಸೋರು, ಅಣ್ಣ ಯಾರು ತಮ್ಮ ಯಾರು ಅಂತ ಜಗಳ ಆಡೋ ಅವಳಿಗಳು, ಪಿಂಚಣಿ ಅರ್ಜಿಗೆ ವಯಸ್ಸು ಬೇಕಾದ ಮುದುಕರು, ಎಲ್ಲರೂ ಆ ಮರದ ಕೆಳಗೆ ಬರುತ್ತಿದ್ದರು.

ಅಜ್ಜಿಗೆ ಬರುತ್ತಿದ್ದ ಕೆಲಸ ಒಂದೇ ಅಂದರೆ ತಪ್ಪಾಗುತ್ತೆ. ಉಳುಕು ತೆಗೆಯುತ್ತಿತ್ತು. ಹಸು ಕರು ಹಾಕೋಕೆ ಕಷ್ಟಪಟ್ಟರೆ ಅಲ್ಲಿಗೂ ಕರೆ ಹೋಗುತ್ತಿತ್ತು, ಹೆಂಗಸರ ಹೆರಿಗೆಗೆ ಹೇಗೆ ಹೊರಡುತ್ತಿತ್ತೋ ಅದೇ ಅವಸರದಲ್ಲಿ ಹೊರಡುತ್ತಿತ್ತು. ಹಳೇ ಸೀರೆಗಳಲ್ಲಿ ಕೌದಿ ಹೊಲಿಯುತ್ತಿತ್ತು, ಆ ಹೊಲಿಗೆ ಎಷ್ಟು ಹತ್ತಿರ ಹತ್ತಿರ ಅಂದರೆ ನಮ್ಮ ಮನೆಯದು ಇಪ್ಪತ್ತೈದು ವರ್ಷ ಆದರೂ ಬಿಚ್ಚಿಲ್ಲ. ಚೌಕಾಬಾರ ಆಡುತ್ತಿತ್ತು, ಹುಣಸೆಬೀಜ ಇಟ್ಟುಕೊಂಡು, ಮತ್ತು ಎದುರಿಗೇ ಮೋಸ ಮಾಡುತ್ತಿತ್ತು. ಮಕ್ಕಳು ಅಂತ ರಿಯಾಯಿತಿ ಏನೂ ಇರಲಿಲ್ಲ. ಕಾಯಿ ಜರುಗಿಸಿದ್ದನ್ನು ಹಿಡಿದರೆ “ನಿನ್ನ ಕಣ್ಣಿಗೆ ಪೊರೆ ಬಂದೈತೆ” ಅನ್ನೋದು, ಹತ್ತು ವರ್ಷದ ಹುಡುಗನಿಗೆ.

ಮದುವೆ ಮನೆಯಲ್ಲಿ ಸೋಬಾನೆ ಪದ ಶುರು ಮಾಡೋದೂ ಅದೇ. ಬೀಗರ ಕಡೆಯವರನ್ನು ಆಡಿಕೊಳ್ಳೋ ಪದಗಳನ್ನು ನಿಂತ ಜಾಗದಲ್ಲೇ ಕಟ್ಟುತ್ತಿತ್ತು. ಗಂಡಿನ ಮಾವನ ಹೊಟ್ಟೆ, ತಂದ ಸೀರೆಯ ಬಣ್ಣ, ಅವರ ಗಾಡಿಯ ಎತ್ತು, ಏನನ್ನೂ ಬಿಡುತ್ತಿರಲಿಲ್ಲ. ಒಂದು ಮದುವೆಯಲ್ಲಿ ಬೀಗರು ಸಿಟ್ಟಾಗಿ ಊಟ ಬಿಟ್ಟು ಎದ್ದರು. ಆಗ ಅಜ್ಜಿ ಅದೇ ಧಾಟಿಯಲ್ಲಿ ಅವರನ್ನು ವಾಪಸ್ ಕರೆಯೋ ಪದ ಕಟ್ಟಿತು. ಕೂತು ಉಂಡರು.

ಆದರೆ ಊರಿನ ಮೇಲೆ ಅದಕ್ಕಿದ್ದ ಹಿಡಿತ ಈ ಪದಗಳದ್ದಲ್ಲ. ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬನ ಮನೆ ಮುಂದೆ ಹೋಗಿ ನಿಂತು ಅದು ಹೇಳಿದ್ದು ನಾನೇ ಕೇಳಿದ್ದೇನೆ. “ನಿನ್ನ ಹೊಕ್ಕುಳ ಕುಯ್ದೋಳು ನಾನು. ಅವತ್ತು ನೀನು ಉಸಿರು ಬಿಡ್ಲಿಲ್ಲ, ನಾನು ಬೆನ್ನು ತಟ್ಟಿ ತಟ್ಟಿ ಬಿಡಿಸ್ದೆ. ಇದಕ್ಕಾ?” ಆ ಮನುಷ್ಯ ಆಗ ಪಂಚಾಯ್ತಿ ಮೆಂಬರು. ತಲೆ ತಗ್ಗಿಸಿ ಒಳಗೆ ಹೋದ. ಆಮೇಲೆ ಹೊಡೆಯೋದನ್ನು ಪೂರ್ತಿ ಬಿಟ್ಟನಾ ಅಂದರೆ, ಗೊತ್ತಿಲ್ಲ, ಬಿಟ್ಟಿರಲಿಕ್ಕಿಲ್ಲ. ಕದ ಹಾಕಿಕೊಂಡು ಹೊಡೆದಿರಬಹುದು.

ಈಗ ಬರೆಯೋಕೆ ಇಷ್ಟ ಇಲ್ಲದ ಭಾಗ. ಅಜ್ಜಿ ಕೇರಿಯದು. ನಮ್ಮದು ಊರೊಳಗಿನ ಮನೆ. ನೋವು ಶುರುವಾದ ರಾತ್ರಿ ನಮ್ಮಪ್ಪ ಲಾಟೀನು ಹಿಡಿದು ಓಡಿ ಹೋಗಿ ಕರೆದುಕೊಂಡು ಬಂದರೆ, ಅಜ್ಜಿ ಸೀದಾ ಹಿಂದಿನ ಕೋಣೆಯ ತನಕ ಬರುತ್ತಿತ್ತು. ಯಾರೂ ತಡೆಯುತ್ತಿರಲಿಲ್ಲ. ಅಮ್ಮನ ಬೆನ್ನು ನೀವೋದು, ಹೊಟ್ಟೆಗೆ ಹರಳೆಣ್ಣೆ ಹಚ್ಚೋದು, ಕೂಸು, ಮಾಸು, ರಕ್ತದ ಬಟ್ಟೆ, ಎಲ್ಲಾ ಅದರದ್ದೇ. ಹನ್ನೊಂದು ದಿನ ಬಂದು ಕೂಸಿಗೂ ಬಾಣಂತಿಗೂ ನೀರು ಹಾಕುತ್ತಿತ್ತು. ಹನ್ನೆರಡನೇ ದಿನ ಮನೆಯೆಲ್ಲಾ ಗಂಜಲ ಚಿಮುಕಿಸಿ, ತೊಟ್ಟಿಲು ಕಟ್ಟಿ, ಹೆಸರಿಡುವಾಗ ಅಜ್ಜಿಯ ಜಾಗ ಹೊರಗೆ ಜಗಲಿ ಕೆಳಗೆ. ತಟ್ಟೆ ತಾನೇ ತರುತ್ತಿತ್ತು. ನನ್ನ ಸ್ವಂತ ಅಜ್ಜಿ ಮೇಲಿಂದ ನೀರು ಹೊಯ್ಯುತ್ತಿತ್ತು. ಗಂಡು ಹುಟ್ಟಿದರೆ ಒಂದು ಸೀರೆ, ಒಂದು ಮೊರ ರಾಗಿ. ಹೆಣ್ಣಾದರೆ ಕುಪ್ಪಸದ ಕಣ, ರಾಗಿ ಅದೇ ಮೊರ, ಆದರೆ ಗೋಪುರ ಇರುತ್ತಿರಲಿಲ್ಲ.

ಇದನ್ನು ನಾನು ಎಷ್ಟೋ ವರ್ಷ ನೋಡಿಯೂ ನೋಡಿರಲಿಲ್ಲ. ಒಂದು ದಿನ ಕೇಳಿಬಿಟ್ಟೆ, ನಿನಗೆ ಏನೂ ಅನ್ನಿಸಲ್ವಾ ಅಂತ. ಅಡಿಕೆ ಕುಟ್ಟುತ್ತಾ ಇತ್ತು. “ಬಾಗ್ಲು ಬೇನೆ ಬಂದಾಗ ತೆರೀತದೆ, ಬೇನೆ ಹೋದ್ಮೇಲೆ ಮುಚ್ಚತದೆ ಮಗಾ. ನಂಗೇನು ಹೊಸದಾ?” ಅಷ್ಟೇ. ಆಮೇಲೆ ನಮ್ಮ ಮನೆ ಎಮ್ಮೆ ಎಷ್ಟು ಹಾಲು ಕೊಡುತ್ತೆ ಅಂತ ಕೇಳಿತು. ‘ಇಡೀ ಊರಿಗೇ ತಾಯಿ’ ಅಂತ ಈಗ ನಾವು ಸಲೀಸಾಗಿ ಹೇಳ್ತೀವಿ, ನಾನೂ ಹೇಳ್ತೀನಿ. ತಾಯಿಯನ್ನು ಜಗಲಿ ಕೆಳಗೆ ಕೂರಿಸಿದ ಊರು ಅಂತ ಅದರ ಜೊತೆಗೇ ಹೇಳಬೇಕು.

ಅಜ್ಜಿಯ ಕೈಯ ವಿಷಯಕ್ಕೆ ಬರ್ತೀನಿ. ಅಮ್ಮ ಹೇಳೋ ಪ್ರಕಾರ ಅದು ಮೊದಲ ಅರ್ಧ ಗಂಟೆ ಏನೂ ಮಾಡುತ್ತಿರಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು ಹೊಟ್ಟೆ ಮೇಲೆ ಕೈ ಇಟ್ಟುಕೊಂಡಿರೋದು, ನೋವು ಬಂದು ಹೋಗೋದನ್ನು ನೋಡೋದು, ಮಧ್ಯೆ ಏನೋ ಊರಿನ ಮಾತು. ಅವಸರ ಮಾಡಿಸೋಕೆ ಬಂದ ಹೆಂಗಸರನ್ನು ಆಚೆ ಕಳಿಸುತ್ತಿತ್ತು. ‘ಮುಕ್ಕು ತಾಯಿ’ ಅಂತ ಅದು ಹೇಳೋ ತನಕ ಯಾರೂ ಹೇಳೋ ಹಾಗಿಲ್ಲ. ಕೂಸು ಅಡ್ಡ ಇದ್ದರೆ ಏಳೆಂಟು ತಿಂಗಳಿಗೇ ಕೈಗೆ ಗೊತ್ತಾಗಿಬಿಡುತ್ತಿತ್ತು. ಇನ್ನೊಂದು ಮಾತು ಮುಖ್ಯ. ಯಾವುದು ತನ್ನ ಕೈ ಮೀರಿದ್ದು ಅನ್ನೋದೂ ಅದಕ್ಕೆ ಗೊತ್ತಿತ್ತು. ಬಸುರಿಗೆ ಮುಖ ಕೈಕಾಲು ಬಾತು, ತಲೆನೋವು, ಕಣ್ಣು ಮಂಜು ಅಂದರೆ ಮುಟ್ಟುತ್ತಲೇ ಇರಲಿಲ್ಲ. “ಗಾಡಿ ಕಟ್ರಿ, ಆಸ್ಪತ್ರೆಗೆ ನಡೀರಿ.” ರಕ್ತದೊತ್ತಡ ಏರಿ ಫಿಟ್ಸ್ ಬರೋ ಮುಂಚಿನ ಲಕ್ಷಣ ಅವು ಅಂತ ನಾನು ಓದಿಕೊಂಡಿದ್ದು ಈಚೆಗೆ. ಅಜ್ಜಿ ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಯಾರದೋ ಸಾವಿನಲ್ಲಿ ಕಲಿತಿರಬೇಕು.

ಹಳೇದೆಲ್ಲಾ ಚೆನ್ನ ಅಂತ ಹೇಳೋಕೆ ಇದನ್ನು ಬರೀತಿಲ್ಲ. ಮೊದಮೊದಲು ಹೊಕ್ಕುಳಬಳ್ಳಿ ಕುಯ್ಯುತ್ತಿದ್ದದ್ದು ಕುಡುಗೋಲಲ್ಲಿ. ಕುಯ್ದ ಜಾಗಕ್ಕೆ ಅರಿಶಿನ, ಸಗಣಿ ಸುಟ್ಟ ಬೂದಿ. ಧನುರ್ವಾಯುವಿನ ರೋಗಾಣು ಇರೋದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಚೆನ್ನಾಗಿ ಹುಟ್ಟಿದ ಕೂಸು ವಾರದ ಹೊತ್ತಿಗೆ ಹಾಲು ಬಿಡುತ್ತಿತ್ತು, ದವಡೆ ಕಚ್ಚಿಕೊಳ್ಳುತ್ತಿತ್ತು, ಮೈ ಬಿಲ್ಲಿನ ಹಾಗೆ ಸೆಟೆಯುತ್ತಿತ್ತು. ಊರಲ್ಲಿ ಗಾಳಿ ಸೋಕಿದೆ ಅಂತಿದ್ದರು. 80ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೂಲಗಿತ್ತಿಯರಿಗೆ ದಾಯಿ ತರಬೇತಿ ಕೊಟ್ಟರು. ಅಜ್ಜಿ ದಿನಾ ನಡೆದು ಹೋಗಿ ಬಂತು. ಐದು ಶುಚಿ ಅಂತ ಹೇಳಿಕೊಟ್ಟರು. ಕೈ ಶುಚಿ, ಹಾಸು ಶುಚಿ, ಬ್ಲೇಡು ಶುಚಿ, ದಾರ ಶುಚಿ, ಹೊಕ್ಕುಳಿಗೆ ಏನೂ ಹಚ್ಚಬಾರದು. ಆಮೇಲೆ ನಮ್ಮೂರಲ್ಲಿ ಬಸುರಿಗೆ ಎಂಟು ತಿಂಗಳಾಯ್ತು ಅಂದರೆ ಗಂಡ ಅಂಗಡಿಗೆ ಹೋಗಿ ಒಂದು ಹೊಸ ಬ್ಲೇಡು, ಒಂದು ಸೋಪು ತಂದು ಗೂಡಿನಲ್ಲಿ ಇಡಬೇಕಾಗಿತ್ತು. ಇಡದೇ ಇದ್ದವನಿಗೆ ಬೈಗುಳ ಬಾಗಿಲಲ್ಲೇ. ಬಸುರಿಯರಿಗೆ ಟಿಟಿ ಸೂಜಿ ಹಾಕಿಸಿ ಅಂತ ಎಲ್ಲರ ಮನೆ ಸುತ್ತಿದ್ದೂ ಅಜ್ಜಿಯೇ. ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿದ್ದು 2015ರಲ್ಲಿ. ಆ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ಗೂಡಿನಲ್ಲಿದ್ದ ಆ ಬ್ಲೇಡು.

2018ರ ಜನವರಿಯಲ್ಲಿ ನಮ್ಮ ಜಿಲ್ಲೆಗೇ ಒಂದು ಖುಷಿ ಬಂತು. ಪಾವಗಡ ತಾಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ ಪದ್ಮಶ್ರೀ. ಅವರು ಈ ಕೆಲಸ ಕಲಿತದ್ದು ತಮ್ಮ ಅಜ್ಜಿಯಿಂದ. ಊರಿಗೆ ಬಂದು ತಂಗುತ್ತಿದ್ದ ಅಲೆಮಾರಿ ಜನರಿಂದ ಗಿಡಮೂಲಿಕೆ ಕಲಿತರು. ಎಪ್ಪತ್ತು ವರ್ಷದಲ್ಲಿ 15,000ಕ್ಕೂ ಜಾಸ್ತಿ ಹೆರಿಗೆ, ದುಡ್ಡು ತಗೊಳ್ಳದೆ. ತುಮಕೂರು ವಿಶ್ವವಿದ್ಯಾಲಯ ಅದಕ್ಕೂ ಮೊದಲೇ, 2014ರಲ್ಲಿ, ಗೌರವ ಡಾಕ್ಟರೇಟ್ ಕೊಟ್ಟಿತ್ತು. ಟಿವಿಯಲ್ಲಿ ಅವರನ್ನು ತೋರಿಸುತ್ತಿದ್ದಾಗ ನಾನು ಊರಲ್ಲೇ ಇದ್ದೆ, ಓಡಿ ಹೋಗಿ ಅಜ್ಜಿಗೆ ಹೇಳಿದೆ. ಆಗ ಅದಕ್ಕೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ.

“ಎಷ್ಟಂತೆ?”

ಹದಿನೈದು ಸಾವಿರ.

ಸ್ವಲ್ಪ ಹೊತ್ತು ಯೋಚನೆ ಮಾಡಿತು. “ಎಣಿಸ್ದೋರು ಯಾರು?”

ನನಗೆ ನಗು ಬಂತು. ನಿಂದು ಎಷ್ಟು ಅಂತ ಕೇಳಿದೆ. ತಕ್ಷಣ, ಒಂದು ಕ್ಷಣವೂ ತಡ ಮಾಡದೆ, “ಹನ್ನೊಂದು” ಅಂದಿತು. ಕಿವಿ ಸರಿಯಾಗಿ ಕೇಳಿಸಿಲ್ಲ ಅಂದುಕೊಂಡು ಇನ್ನೊಂದು ಸಲ ಜೋರಾಗಿ ಕೇಳಿದೆ. ಅಜ್ಜಿ ಬೆರಳು ಮಡಚುತ್ತಾ ಹೋಯಿತು. ಬಾವಿಮನೆ ಸೊಸೇದು ಎರಡು. ಮೂಡಲಮನೇದು ಒಂದು. ಶಾನುಭೋಗರ ಮನೇಲಿ ಒಂದು, ಅದು ಹೆಣ್ಣು. ಕೇರಿಯಾಗೆ ನಾಕು. ಗೊಲ್ಲರಹಟ್ಟೀಲಿ ಎರಡು. ನಂದೇ ಒಂದು.

ಹೋದವುಗಳ ಲೆಕ್ಕ ಅದು.

ಅಜ್ಜಿ, ನಾನು ಕೇಳಿದ್ದು ಹುಟ್ಟಿದ್ದು ಎಷ್ಟು ಅಂತ.

“ಹುಟ್ಟಿದವು ಓಡಾಡ್ಕೊಂಡವಲ್ಲ. ಅವನ್ನೇನು ಎಣಿಸೋದು?” ಅಂದಿತು. ತರಬೇತಿಗೆ ಹೋಗಿ ಬಂದ ಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲವಂತೆ. ಹನ್ನೊಂದರಲ್ಲಿ ಎಷ್ಟು ಆ ಕುಡುಗೋಲಿಂದ ಹೋದವು ಅಂತ. ಗಾಳಿ ಅಂದುಕೊಂಡಿದ್ದೆ, ನನ್ನ ಕೈಯೇ ಇತ್ತೇನೋ ಅಂತ. ನಾನು ಏನೋ ಸಮಾಧಾನ ಹೇಳೋಕೆ ಹೋದೆ, ಆಗ ಯಾರಿಗೂ ಗೊತ್ತಿರಲಿಲ್ಲ ಅಲ್ವಾ ಅಂತೆಲ್ಲ. ಅದಕ್ಕೆ ಬೇಕಾಗಿರಲಿಲ್ಲ. ಎದ್ದು ಒಳಗೆ ಹೋಯಿತು.

ಅಷ್ಟು ಹೊತ್ತಿಗೆ ಅಜ್ಜಿಯ ಕೆಲಸ ನಿಂತು ಎಷ್ಟೋ ವರ್ಷ ಆಗಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, ತಾಯಿ ಕಾರ್ಡ್, ಮಡಿಲು ಕಿಟ್ಟು, 2008ಕ್ಕೆ 108 ಆಂಬುಲೆನ್ಸು. ಎಲ್ಲರೂ ಆಸ್ಪತ್ರೆಗೇ ಹೋಗತೊಡಗಿದರು. ಅದರ ಕೊನೇ ಹೆರಿಗೆ ಕೆರೆ ಏರಿ ಮೇಲೆ ಆಯಿತು. ಆಂಬುಲೆನ್ಸ್ ದಾರಿಯಲ್ಲಿತ್ತು, ಕೂಸಿಗೆ ಕಾಯೋ ತಾಳ್ಮೆ ಇರಲಿಲ್ಲ. ನಾಲ್ಕು ಹೆಂಗಸರು ಸೀರೆ ಮರೆ ಹಿಡಿದುಕೊಂಡು ನಿಂತರು. ಗಾಡಿ ಬಂದಾಗ ಎಲ್ಲಾ ಮುಗಿದಿತ್ತು, ಅಜ್ಜಿ ಹಿಂದಕ್ಕೆ ಸರಿದು ನಿಂತಿತ್ತು, ಬೈತಾರೇನೋ ಅಂತ. ಅದರಲ್ಲಿದ್ದ ಹುಡುಗ ಹೊಕ್ಕುಳಿಗೆ ಕಟ್ಟಿದ ದಾರ ನೋಡಿದ, ಯಾರು ಕಟ್ಟಿದ್ದು ಅಂದ, ಆಮೇಲೆ ನೀವೂ ಹತ್ತಿ ಅಂತ ಅಜ್ಜಿಯ ಕೈ ಹಿಡಿದು ಹತ್ತಿಸಿಕೊಂಡ. ಆ ಪ್ರಯಾಣದ ಬಗ್ಗೆ ಅಜ್ಜಿಗೆ ನೆನಪಿದ್ದದ್ದು ಒಂದೇ. ತಿರುವಿನಲ್ಲಿ ವಾಂತಿ ಬಂತು.

ಆಸ್ಪತ್ರೆಯಿಂದ ಒಳ್ಳೇದೇ ಆಗಿದೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ಕ್ಕೆ ಅದು 69ಕ್ಕೆ ಇಳಿಯಿತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019–20ರ ಹೊತ್ತಿಗೆ 97. ಈ ಅಂಕಿಗಳನ್ನು ಅಜ್ಜಿಗೆ ಹೇಳಿದ್ದರೆ ಮೊದಲು ಖುಷಿ ಪಡುತ್ತಿದ್ದದ್ದು ಅದೇ. ಆದರೆ ನನ್ನ ತಂಗಿಯ ಹೆರಿಗೆ ಆದ ಆಸ್ಪತ್ರೆಯಲ್ಲಿ ಅವಳು ಆರು ಗಂಟೆ ಒಬ್ಬಳೇ ಮಲಗಿದ್ದಳು, ಕೂಗಿದರೆ ಗದರಿಸಿದರಂತೆ. ಅಮ್ಮನನ್ನು ಒಳಗೆ ಬಿಡಲಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಅಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ತಂಗಿ ಹೇಳಿದ್ದು, ಹುಣಸೆಮರದಜ್ಜಿ ಸುಮ್ನೆ ಪಕ್ಕದಲ್ಲಿ ಕೂತಿದ್ದಿದ್ದರೂ ಸಾಕಾಗಿತ್ತು, ಅದು ಏನೂ ಮಾಡೋದು ಬೇಡವಾಗಿತ್ತು, ಅಂತ.

ನರಸಮ್ಮ ಅವರು ಹೋಗಿದ್ದು 2018ರ ಡಿಸೆಂಬರ್ 25ರಂದು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿ ಹೊರಡಿಸಿತು, ಸಹಜ ಹೆರಿಗೆ ಮಾಡಿಸೋಕೆ ನರ್ಸುಗಳಿಗೆ ಬೇರೆಯಾಗಿ ತರಬೇತಿ ಕೊಡೋಕೆ. ತಾಯಿಯನ್ನು ಗೌರವದಿಂದ ನೋಡಿಕೊಳ್ಳಬೇಕು ಅಂತಲೂ ಅದರಲ್ಲಿದೆ. ಇದನ್ನು ಬರೆದು ಹೇಳಬೇಕಾಯಿತು ನೋಡಿ.

ಹುಣಸೆಮರದಜ್ಜಿ ಹೋಗಿದ್ದು ಮರು ವರ್ಷ, ಯುಗಾದಿ ಆದ ಮೇಲೆ. ನಿದ್ದೆಯಲ್ಲೇ. ಊರೊಳಗಿನವರೂ ಕೇರಿಗೆ ಬಂದರು. ನಮ್ಮಮ್ಮ ಆ ಮನೆಯ ಒಳಗೆ ಹೋಗಿ ಕೂತಿದ್ದು ಅವತ್ತೇ ಮೊದಲು, ಅದೂ ನಾಲ್ಕು ಮಕ್ಕಳನ್ನು ಆ ಕೈಯಲ್ಲಿ ಹೆತ್ತ ಮೇಲೆ. ಹುಡುಗರು ಸೇರಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಎಷ್ಟು ಹೆರಿಗೆ ಅಂತ ಬರೆಸಬೇಕು ಅಂತ ಜಗಳ ಆಯಿತು, ಒಬ್ಬ ಎರಡು ಸಾವಿರ ಅಂದ, ಇನ್ನೊಬ್ಬ ಐದು ಸಾವಿರ. ನಾನು ಹನ್ನೊಂದರ ಬಗ್ಗೆ ಬಾಯಿ ಬಿಡಲಿಲ್ಲ. ಕೊನೆಗೆ ‘ಸಾವಿರಾರು’ ಅಂತ ಬಂತು. ಫೋಟೋ ಆಧಾರ್ ಕಾರ್ಡಿನದ್ದು, ದೊಡ್ಡದು ಮಾಡಿ ಮುಖವೆಲ್ಲಾ ಚೌಕ ಚೌಕ. ಜನನದ ತಾರೀಕೂ ಅದರಿಂದಲೇ ತೆಗೆದದ್ದು, 01-01-1932. ತಾರೀಕು ಗೊತ್ತಿಲ್ಲದೆ ಬರೀ ವರ್ಷ ಹೇಳಿದವರೆಲ್ಲ ಆಧಾರಿನಲ್ಲಿ ಜನವರಿ 1ಕ್ಕೇ ಹುಟ್ಟಿರುತ್ತಾರೆ, ನಾವೆಲ್ಲ ಜೂನ್ 1ಕ್ಕೆ ಹುಟ್ಟಿದ ಹಾಗೆ.

ತಿಥಿಯ ದಿನ ಅಜ್ಜಿಯ ತವರಿನಿಂದ ತಮ್ಮನ ಹೆಂಡತಿ ಬಂದಿತ್ತು, ಅದಕ್ಕೂ ಎಂಬತ್ತರ ಹತ್ತಿರ. ನಾನು ಫ್ಲೆಕ್ಸಿನಲ್ಲಿರೋದನ್ನು ಓದಿ ಹೇಳಿದೆ.

“ಯಾರು ಹೇಳಿದ್ದು ಜನ್ವರಿ ಅಂತ? ಹುರುಳಿ ಕೀಳೋ ಹೊತ್ನಾಗೆ ಹುಟ್ಟಿದ್ದು ಅದು. ನಮ್ಮತ್ತೆ ಹೇಳ್ತಿತ್ತು. ಹೊಲದ ಬದಿನಾಗೆ, ಹತ್ರ ಯಾರೂ ಇರ್ಲಿಲ್ವಂತೆ, ಸೂಲಗಿತ್ತಿನೂ ಇಲ್ಲ ಯಾರೂ ಇಲ್ಲ. ತಾನೇ ಕುಡುಗೋಲಾಗೆ ಕುಯ್ಕಂಡು, ಕೂಸನ್ನ ಸೆರಗ್ನಾಗೆ ಕಟ್ಕಂಡು ಮನೆಗೆ ಬಂತಂತೆ.”

ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಂಡಿತು.

“ಹುರುಳಿ ಹೊರೆನೂ ತಂದಿತ್ತಂತೆ, ತಲೆ ಮ್ಯಾಲೆ.”